ಮ್ಯೂಆನ್ ಅಳತೆಗೂ ಸಿದ್ಧಾಂತಕ್ಕೂ ಇದ್ದ ಅಂತರ ಮುಚ್ಚಿದೆ. ಇದನ್ನು ಭೌತವಿಜ್ಞಾನದ ಮುನ್ನಡೆ ಎನ್ನಬಹುದೇ?

ಅಳತೆಗೋಲು:

2021ರ ಏಪ್ರಿಲ್ 7ರಂದು ಅಮೆರಿಕದ ಫರ್ಮಿಲ್ಯಾಬ್‌ನವರು ಮ್ಯೂಆನ್ ಜಿ-2 ಪ್ರಯೋಗದ ಮೊದಲ ಫಲಿತಾಂಶವನ್ನು ಪ್ರಕಟಿಸಿದಾಗ ಆ ನೇರಪ್ರಸಾರವನ್ನು ನಾನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿದ್ದೆ. ಎಲೆಕ್ಟ್ರಾನ್‌ಗಿಂತ ಸುಮಾರು 207 ಪಟ್ಟು ಭಾರವಾದ ಮ್ಯೂಆನ್ ಎಂಬ ಕಣವು ಕಾಂತಕ್ಷೇತ್ರದಲ್ಲಿ ಬುಗುರಿಯಂತೆ ತಲೆದೂಗುವ ವೇಗವು ಸಿದ್ಧಾಂತ ಹೇಳಿದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗಿದೆ ಎಂದೂ, ಬ್ರೂಕ್‌ಹೇವನ್ ಪ್ರಯೋಗಾಲಯದ ಹಳೆಯ ಅಳತೆಯನ್ನು ಸೇರಿಸಿಕೊಂಡರೆ ಆ ಅಂತರವು 4.2 ಸಿಗ್ಮಾ, ಅಂದರೆ ದೋಷಮಿತಿಯ 4.2 ಪಟ್ಟು, ಆಗುತ್ತದೆ ಎಂದೂ ಅಂದು ತಿಳಿಸಲಾಯಿತು. ನಮಗಿನ್ನೂ ಗೊತ್ತಿಲ್ಲದ ಯಾವುದೋ ಕಣವು ನಿರ್ವಾತದಲ್ಲಿ ಅವಿತು ಕುಳಿತು ಮ್ಯೂಆನನ್ನು ತುಸುವೇ ತಳ್ಳುತ್ತಿದೆ ಎಂದು ನನ್ನಂತೆ ಎಷ್ಟೋ ಜನ ಆಸೆಪಟ್ಟರು.

ಅದೇ ಪ್ರಯೋಗದ ಅಂತಿಮ ಫಲಿತಾಂಶ 2025ರ ಜೂನ್ 3ರಂದು ಬಂದಿತು. ಶತಕೋಟಿಗೆ 140 ಭಾಗದ ನಿಖರತೆಯನ್ನು ಗುರಿಯಾಗಿಟ್ಟುಕೊಂಡು ಹೊರಟವರು 127 ಭಾಗಕ್ಕೆ ತಲುಪಿದ್ದರು. ಅದಕ್ಕೆ ಕೆಲವೇ ದಿನ ಮೊದಲು ಸಿದ್ಧಾಂತಿಗಳ ಅಂತರರಾಷ್ಟ್ರೀಯ ತಂಡವೂ ತನ್ನ ಲೆಕ್ಕವನ್ನು ಪರಿಷ್ಕರಿಸಿ ಪ್ರಕಟಿಸಿತ್ತು. ತಲೆದೂಗುವ ವೇಗದಿಂದ ಲೆಕ್ಕ ಹಾಕುವ ಮ್ಯೂಆನ್‌ನ ಕಾಂತಗುಣದ ಸಂಖ್ಯೆ ಈಗ ಪ್ರಯೋಗದ ಪ್ರಕಾರ 0.00116592071, ಸಿದ್ಧಾಂತದ ಪ್ರಕಾರ 0.00116592033. ಇವೆರಡೂ ಹತ್ತನೆಯ ದಶಮಾಂಶ ಸ್ಥಾನದಲ್ಲಿ ಮಾತ್ರ ಬೇರೆಯಾಗುತ್ತವೆ, ಆ ವ್ಯತ್ಯಾಸವೂ ಸಿದ್ಧಾಂತದ ಅನಿಶ್ಚಿತತೆಯ ಒಳಗೇ ಅಡಗುತ್ತದೆ. ಅಂದರೆ ನಾವು ನಾಲ್ಕು ವರ್ಷ ಬೆನ್ನುಹತ್ತಿದ್ದ ಅಂತರ ಈಗ ಇಲ್ಲ.

ನನ್ನೊಡನೆ ಈ ವಿಷಯವನ್ನು ಹಿಂಬಾಲಿಸುತ್ತಿದ್ದ ಗೆಳೆಯರು "ಕೊನೆಗೆ ಏನೂ ಸಿಗಲಿಲ್ಲ" ಎಂದು ಬೇಸರಪಟ್ಟುಕೊಂಡಿದ್ದಾರೆ. ನನಗೆ ಹಾಗೆನ್ನಿಸುತ್ತಿಲ್ಲ. ಕಳೆದ ಐದಾರು ವರ್ಷಗಳ ಭೌತವಿಜ್ಞಾನದಲ್ಲಿ ನಡೆದ ನಿಜವಾದ ಮುನ್ನಡೆಗಳ ಪಟ್ಟಿ ಮಾಡಿದರೆ ಇದನ್ನು ಮೊದಲ ಸಾಲಿನಲ್ಲಿಯೇ ಇಡಬೇಕು ಎಂಬುದು ನನ್ನ ಅಭಿಪ್ರಾಯ. ಒಂದು ಸಂಖ್ಯೆಯನ್ನು ಇಷ್ಟು ಆಳಕ್ಕೆ ಅಗೆದು ನೋಡಿದ ಮೇಲೆ, ಅಲ್ಲಿ ಹೊಸ ಕಣ ಇಲ್ಲವೆಂದು ತಿಳಿಯುವುದೂ ತಿಳಿವೇ ಆಗಿದೆ. ಆದರೆ ಈ ಮಾತಿಗೆ ಎಷ್ಟು ದೂರದವರೆಗೆ ಬಲವಿದೆ ಎಂಬುದನ್ನು ಒರೆಗೆ ಹಚ್ಚಿ ನೋಡಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಬೇರೆ ಶಾಖೆಗಳ ಇತ್ತೀಚಿನ ಫಲಿತಾಂಶಗಳನ್ನು ಹತ್ತಿರದಿಂದ ಬಲ್ಲವರು ಅವುಗಳನ್ನೂ ಪಕ್ಕದಲ್ಲಿಟ್ಟು ತೂಗಿ ನೋಡಬೇಕೆಂದು ಕೋರುತ್ತೇನೆ.

ಇರುಳಾಗಸ:

ಅಳತೆಗೋಲು ಅವರೇ, ನಿಮ್ಮ ಬರಹದಲ್ಲಿ ಒಂದು ಮುಖ್ಯ ಸಂಗತಿ ಮರೆಯಾಗಿದೆ. ಅಂತರ ಮುಚ್ಚಿದ್ದು ಪ್ರಯೋಗ ಬದಲಾದ್ದರಿಂದ ಅಲ್ಲ. ಬ್ರೂಕ್‌ಹೇವನ್‌ನ ಅಳತೆ, ಫರ್ಮಿಲ್ಯಾಬ್‌ನ 2021ರ ಅಳತೆ, 2023ರ ಅಳತೆ, 2025ರ ಅಳತೆ, ಇವೆಲ್ಲ ಒಂದಕ್ಕೊಂದು ತಾಳೆಯಾಗುತ್ತಲೇ ಬಂದಿವೆ. ಜಾಗ ಬದಲಿಸಿದ್ದು ಸಿದ್ಧಾಂತ. ಪ್ರಯೋಗ ಏನು ಹೇಳುತ್ತಿದೆ ಎಂದು ಗೊತ್ತಾದ ಮೇಲೆ ಸಿದ್ಧಾಂತವು ಅದರತ್ತ ಸರಿದರೆ ಅದನ್ನು ಮುನ್ನಡೆ ಎಂದು ಒಪ್ಪುವ ಮೊದಲು ನಾವು ಸ್ವಲ್ಪ ಹಿಂಜರಿಯಬೇಕಲ್ಲವೇ? 2020ರಲ್ಲಿ ಅದೇ ಸಿದ್ಧಾಂತಿಗಳ ತಂಡ ಕೊಟ್ಟ ಸಂಖ್ಯೆಗೆ ಏನಾಯಿತು, ಅದು ತಪ್ಪೆಂದು ಯಾರಾದರೂ ತೋರಿಸಿದ್ದಾರೆಯೇ?

ಬುಗುರಿ:

ಇರುಳಾಗಸ ಅವರ ಪ್ರಶ್ನೆ ನ್ಯಾಯವಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ನಿರ್ವಾತ ಎಂದರೆ ಬರಿದಾದ ಜಾಗವಲ್ಲ. ಅಲ್ಲಿ ಕಣಗಳು ಅರೆಕ್ಷಣ ಮೂಡಿ ಮರೆಯಾಗುತ್ತಲೇ ಇರುತ್ತವೆ, ಮ್ಯೂಆನ್‌ನ ತಲೆದೂಗುವಿಕೆ ಅವೆಲ್ಲವುಗಳ ಪ್ರಭಾವಕ್ಕೂ ಸಿಲುಕುತ್ತದೆ. ಫೋಟಾನ್, ಎಲೆಕ್ಟ್ರಾನ್‌ಗಳಂಥವುಗಳ ಪಾಲನ್ನು ನಮ್ಮ ಅಗತ್ಯಕ್ಕಿಂತ ಹೆಚ್ಚು ನಿಖರವಾಗಿ ಲೆಕ್ಕ ಹಾಕಬಹುದು. ತೊಡಕು ಇರುವುದು ಪ್ರೋಟಾನ್, ನ್ಯೂಟ್ರಾನ್‌ಗಳ ಒಳಗಿರುವ ಕ್ವಾರ್ಕ್‌ಗಳ ಪಾಲಿನಲ್ಲಿ, ಏಕೆಂದರೆ ಅವನ್ನು ಬಂಧಿಸುವ ಪ್ರಬಲ ಬಲದ ಸಮೀಕರಣಗಳು ಕಾಗದ, ಪೆನ್ಸಿಲಿಗೆ ಬಗ್ಗುವಂಥವಲ್ಲ. ಇದಕ್ಕೆ ಎರಡು ದಾರಿಗಳಿವೆ. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸಿ, ಹೊರಬರುವ ಪೈಆನ್ ಮೊದಲಾದ ಕ್ವಾರ್ಕ್‌ಗಳಿಂದಾದ ಕಣಗಳನ್ನು ಎಣಿಸಿ, ಆ ಎಣಿಕೆಯಿಂದ ಕ್ವಾರ್ಕ್‌ಗಳ ಪಾಲನ್ನು ಪಡೆಯುವುದು ಒಂದು. ದೇಶಕಾಲವನ್ನು ಜಾಲರಿಯಂತೆ ಬಿಂದುಗಳಾಗಿ ಒಡೆದು ಸೂಪರ್‌ಕಂಪ್ಯೂಟರ್‌ನಲ್ಲಿ ನೇರವಾಗಿ ಲೆಕ್ಕ ಹಾಕುವುದು ಮತ್ತೊಂದು. 2020ರ ಸಂಖ್ಯೆ ಮೊದಲ ದಾರಿಯಿಂದ ಬಂದದ್ದು. ಜಾಲರಿ ಲೆಕ್ಕವು ಆಗ ಅಷ್ಟು ನಿಖರವಾಗಿರಲಿಲ್ಲ.

ಇಲ್ಲಿ ಒಂದು ದಿನಾಂಕವನ್ನು ಗಮನಿಸಬೇಕು. ಜಾಲರಿ ವಿಧಾನದ ಮೊದಲ ನಿಖರವಾದ ಲೆಕ್ಕವನ್ನು ಬಿಎಂಡಬ್ಲ್ಯು ಎಂಬ ಯುರೋಪಿನ ತಂಡವು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಫರ್ಮಿಲ್ಯಾಬ್‌ನ ಘೋಷಣೆಯ ದಿನವೇ, ಅಂದರೆ 2021ರ ಏಪ್ರಿಲ್ 7ರಂದೇ. ಆ ಲೆಕ್ಕ ಪ್ರಯೋಗಕ್ಕೆ ಹತ್ತಿರವಾಗಿತ್ತು. ನೇರಪ್ರಸಾರದ ಸಂಭ್ರಮದಲ್ಲಿ ಅದು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ ಅಷ್ಟೆ. ಮುಂದೆ ಬೇರೆ ಬೇರೆ ತಂಡಗಳು ಬೇರೆ ಬೇರೆ ಬಗೆಯ ಜಾಲರಿಗಳಿಂದ, ಹಲವರು ತಮ್ಮ ಉತ್ತರವನ್ನು ತಮ್ಮಿಂದಲೇ ಮರೆಮಾಡಿಕೊಂಡು, ಅದೇ ಲೆಕ್ಕವನ್ನು ಮತ್ತೆ ಮಾಡಿದಾಗ ಅವು ಒಂದಕ್ಕೊಂದು ಕೂಡಿಬಂದವು. ಹಾಗಾಗಿ ಸಿದ್ಧಾಂತವು ಪ್ರಯೋಗವನ್ನು ನೋಡಿಕೊಂಡು ಸರಿಯಿತು ಎನ್ನುವುದು ಪೂರ್ತಿ ನಿಜವಲ್ಲ.

ಮೊದಲ ದಾರಿಗೆ ಏನಾಯಿತು ಎಂಬ ಪ್ರಶ್ನೆಗೆ ಮಾತ್ರ ನಿಮ್ಮ ಅನುಮಾನವೇ ಸರಿ. 2023ರಲ್ಲಿ ರಷ್ಯಾದ ನೊವೊಸಿಬಿರ್ಸ್ಕ್‌ನ ಸಿಎಂಡಿ-3 ಪ್ರಯೋಗವು ಪೈಆನ್ ಜೋಡಿಗಳ ಎಣಿಕೆ ಹಿಂದಿನ ಎಲ್ಲ ಪ್ರಯೋಗಗಳಿಗಿಂತ ಹೆಚ್ಚಾಗಿದೆ ಎಂದು ತೋರಿಸಿತು. ಅದನ್ನು ಒಪ್ಪಿದರೆ ಜಾಲರಿಯ ಉತ್ತರಕ್ಕೆ ಹತ್ತಿರ ಬರುತ್ತೇವೆ. ಹಳೆಯ ಪ್ರಯೋಗಗಳನ್ನು ಒಪ್ಪಿದರೆ ದೂರವೇ ಉಳಿಯುತ್ತೇವೆ. ಅವು ಏಕೆ ಹೊಂದುವುದಿಲ್ಲ ಎಂಬುದು ಇಂದಿಗೂ ಬಗೆಹರಿದಿಲ್ಲ. 2025ರ ಪರಿಷ್ಕರಣೆಯಲ್ಲಿ ತಂಡವು ಈ ಎಣಿಕೆಗಳನ್ನು ಬದಿಗಿಟ್ಟು ಜಾಲರಿ ಲೆಕ್ಕಗಳ ಸರಾಸರಿಯನ್ನು ತೆಗೆದುಕೊಂಡಿತು, ಅದರಿಂದಾಗಿ ಸಿದ್ಧಾಂತದ ಅನಿಶ್ಚಿತತೆ ಈಗ ಪ್ರಯೋಗದ ಅನಿಶ್ಚಿತತೆಯ ನಾಲ್ಕು ಪಟ್ಟಿಗಿಂತಲೂ ತುಸು ಹೆಚ್ಚಿದೆ. ಆದ್ದರಿಂದ ಶೀರ್ಷಿಕೆಯಲ್ಲಿ "ಅಂತರ ಮುಚ್ಚಿದೆ" ಎನ್ನುವುದಕ್ಕಿಂತ "ಅಂತರವಿದೆ ಎನ್ನಲು ಈಗ ಆಧಾರವಿಲ್ಲ" ಎನ್ನುವುದು ಹೆಚ್ಚು ಸರಿ.

ಇನ್ನು ಪ್ರಯೋಗದ ಬಗ್ಗೆ. ಅಲ್ಲಿನ ದುಡಿಮೆ ಎಂಥದ್ದು ಎಂದು ತಿಳಿದರೆ ಆ ಸಂಖ್ಯೆಯ ಮೇಲಿನ ಗೌರವ ಹೆಚ್ಚುತ್ತದೆ. ಸುಮಾರು 14 ಮೀಟರ್ ವ್ಯಾಸದ ಕಾಂತದ ಉಂಗುರ ಅದು. 2013ರಲ್ಲಿ ಅದರ ಸುರುಳಿಯನ್ನು ಬಿಚ್ಚದೆ, ಬಾಗಿಸದೆ, ದೋಣಿ ಮತ್ತು ಲಾರಿಯ ಮೇಲೆ ಸುಮಾರು 5,000 ಕಿಲೋಮೀಟರ್ ಸಾಗಿಸಿ ತಂದರು. 1.45 ಟೆಸ್ಲಾದ ಕ್ಷೇತ್ರವು ಉಂಗುರದ ಉದ್ದಕ್ಕೂ ಒಂದೇ ಸಮನಾಗಿರಲೆಂದು ಸಾವಿರಾರು ತೆಳ್ಳನೆಯ ಕಬ್ಬಿಣದ ಹಾಳೆಗಳನ್ನು ಒಂದೊಂದಾಗಿ ಅಂಟಿಸಿದರು. ಕೆಲವು ದಿನಕ್ಕೊಮ್ಮೆ ಕಣಗಳನ್ನು ನಿಲ್ಲಿಸಿ, 17 ಶೋಧಕಗಳನ್ನು ಹೊತ್ತ ಪುಟ್ಟ ಬಂಡಿಯೊಂದನ್ನು ಮ್ಯೂಆನ್‌ಗಳು ಓಡುವ ಅದೇ ಹಾದಿಯಲ್ಲಿ ಒಂದು ಸುತ್ತು ಓಡಿಸಿ ಕ್ಷೇತ್ರವನ್ನು ಅಳೆದುಕೊಳ್ಳುತ್ತಿದ್ದರು. ನಿಂತಲ್ಲಿ 2.2 ಮೈಕ್ರೊಸೆಕೆಂಡ್ ಬಾಳುವ ಮ್ಯೂಆನ್ ಬೆಳಕಿಗೆ ಹತ್ತಿರದ ವೇಗದಿಂದಾಗಿ ಅಲ್ಲಿ 64 ಮೈಕ್ರೊಸೆಕೆಂಡ್ ಬಾಳುತ್ತದೆ, ಅಷ್ಟರಲ್ಲಿ ನಾನೂರಕ್ಕೂ ಹೆಚ್ಚು ಸುತ್ತು ಹಾಕಿ, ಒಂದು ಪಾಸಿಟ್ರಾನನ್ನು ಬಿಟ್ಟು ಇಲ್ಲವಾಗುತ್ತದೆ. ಉಂಗುರದ ಒಳಬದಿಯಲ್ಲಿ ಸಾಲಾಗಿ ನಿಂತ 24 ಪತ್ತೆಕಾರಕಗಳು ಹಿಡಿಯುವುದು ಆ ಪಾಸಿಟ್ರಾನ್‌ಗಳನ್ನು. ಅವುಗಳ ಎಣಿಕೆ ಸುಮಾರು 4.4 ಮೈಕ್ರೊಸೆಕೆಂಡಿಗೊಮ್ಮೆ ಏರಿ ಇಳಿಯುವುದನ್ನು ನೋಡಿ ತಲೆದೂಗುವಿಕೆಯ ವೇಗವನ್ನು ಪಡೆಯುತ್ತಾರೆ.

ಇಷ್ಟೆಲ್ಲ ಮಾಡಿದವರು ತಮ್ಮ ಉತ್ತರವನ್ನು ತಾವೇ ನೋಡದಂತೆ ಕಟ್ಟುಮಾಡಿಕೊಂಡಿದ್ದರು. ಎಲ್ಲ ಎಣಿಕೆಗೂ ಆಧಾರವಾದ ಗಡಿಯಾರವನ್ನು 40 ಮೆಗಾಹರ್ಟ್ಸ್‌ನಿಂದ ಗುಟ್ಟಾದ ಒಂದು ಪ್ರಮಾಣದಷ್ಟು ಸರಿಸಿ ಇಡಲಾಗಿತ್ತು. ಆ ಪ್ರಮಾಣ ಗೊತ್ತಿದ್ದದ್ದು ತಂಡದ ಹೊರಗಿನ ಇಬ್ಬರಿಗೆ ಮಾತ್ರ, ಅದನ್ನು ಬರೆದು ಲಕೋಟೆಯಲ್ಲಿ ಮುಚ್ಚಿಡಲಾಗಿತ್ತು. ವಿಶ್ಲೇಷಣೆ ಮುಗಿದು, ದೋಷಮಿತಿಯೆಲ್ಲ ಗೊತ್ತಾಗಿ, ಇನ್ನೇನನ್ನೂ ತಿದ್ದುವುದಿಲ್ಲವೆಂದು ಎಲ್ಲರೂ ಒಪ್ಪಿದ ಮೇಲೆಯೇ ಲಕೋಟೆಯನ್ನು ತೆರೆದರು.

ಹಳೆಯ ಪ್ರಯೋಗಶಾಲೆ:

ಲಕೋಟೆಯ ಮಾತು ಓದಿ ನಾನೂ ಎರಡು ಮಾತು ಸೇರಿಸಬೇಕೆನಿಸಿತು. ನಾನು ಬಹಳ ವರ್ಷ ಕಾಲೇಜು ವಿದ್ಯಾರ್ಥಿಗಳಿಗೆ ಪ್ರಯೋಗಗಳನ್ನು ಹೇಳಿಕೊಟ್ಟವನು. ಲೋಲಕದ ಆಂದೋಲನಗಳನ್ನು ಎಣಿಸಿ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗದಲ್ಲಿ ಪ್ರತಿವರ್ಷವೂ ಒಂದೇ ಸಂಗತಿ ನಡೆಯುತ್ತಿತ್ತು. ಉತ್ತರ 9.3 ಬಂದವರು ದಾರದ ಉದ್ದವನ್ನು ಮತ್ತೆ ಅಳೆಯುತ್ತಿದ್ದರು, ಗುಂಡಿನ ಅರ್ಧವ್ಯಾಸವನ್ನು ಸೇರಿಸಿದ್ದೇವೆಯೇ ಎಂದು ನೋಡುತ್ತಿದ್ದರು, ಗಡಿಯಾರವನ್ನು ಯಾವಾಗ ಒತ್ತಿದೆವೆಂದು ವಾದಿಸುತ್ತಿದ್ದರು. ಉತ್ತರ 9.8 ಬಂದವರು ಪುಸ್ತಕ ಮುಚ್ಚಿ ಹೊರಡುತ್ತಿದ್ದರು. ಒಬ್ಬ ವಿದ್ಯಾರ್ಥಿನಿ 9.8 ಬಂದಿದ್ದರೂ ಮತ್ತೆ ಅಳೆದು, ತಾನು ಇಪ್ಪತ್ತರ ಬದಲು ಹತ್ತೊಂಬತ್ತು ಆಂದೋಲನಗಳನ್ನು ಎಣಿಸಿದ್ದನ್ನೂ, ದಾರದ ಉದ್ದವನ್ನು ಗಂಟಿನ ಕೆಳಗಿನಿಂದ ಅಳೆದದ್ದನ್ನೂ ಕಂಡುಕೊಂಡಳು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಸರಿಯುತ್ತರ ಕೊಟ್ಟಿದ್ದವು. ಅವಳ ದಾಖಲೆಪುಸ್ತಕದ ಆ ಪುಟದಲ್ಲಿ ಹೊಡೆದುಹಾಕಿದ ಅಂಕಿಗಳ ಪಕ್ಕದಲ್ಲಿ ಕಾರಣಗಳನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದಳು. ನಾನು ಕಂಡ ದಾಖಲೆಗಳಲ್ಲೆಲ್ಲ ಅದೇ ಮೇಲಾದದ್ದು.

ಗೊತ್ತಿರುವ ಉತ್ತರದ ಬಳಿಗೆ ಬಂದೊಡನೆ ತಪ್ಪು ಹುಡುಕುವುದನ್ನು ನಿಲ್ಲಿಸುವ ಈ ಒಲವು ಹದಿನೆಂಟರ ಹುಡುಗರಿಗೆ ಮಾತ್ರ ಇರುವುದಲ್ಲ. ನೂರಾರು ವಿಜ್ಞಾನಿಗಳ ತಂಡವೂ ಅದಕ್ಕೆ ಸಿಲುಕಬಹುದು ಎಂದು ಒಪ್ಪಿಕೊಂಡು ಗಡಿಯಾರವನ್ನೇ ಮರೆಮಾಡಿದರಲ್ಲ, ನನ್ನ ಮಟ್ಟಿಗೆ ಮುನ್ನಡೆ ಎಂದರೆ ಅದೂ ಹೌದು.

ಅಳತೆಗೋಲು:

ಬುಗುರಿ ಅವರ ತಿದ್ದುಪಡಿಯನ್ನು ಒಪ್ಪುತ್ತೇನೆ. ನನ್ನ ಶೀರ್ಷಿಕೆ ಅವಸರದ್ದು.

ಇದೇ ವರ್ಷಗಳಲ್ಲಿ ಇನ್ನೂ ಎರಡು ಅಂತರಗಳು ಎದ್ದವು. ಅವುಗಳ ಗತಿ ಬೇರೆ ಬೇರೆಯಾಗಿರುವುದರಿಂದ ಇಲ್ಲಿ ಹೇಳುವುದು ಉಚಿತ. ಯುರೋಪಿನ ಸರ್ನ್ ಪ್ರಯೋಗಾಲಯದ ಎಲ್‌ಎಚ್‌ಸಿಬಿ ಪ್ರಯೋಗವು 2021ರ ಮಾರ್ಚ್‌ನಲ್ಲಿ, ಬಿ-ಮೆಸಾನ್ ಎಂಬ ಅಲ್ಪಾಯುಷಿ ಕಣಗಳು ಮ್ಯೂಆನ್ ಜೋಡಿಯಾಗಿ ಕ್ಷಯಿಸುವುದು ಎಲೆಕ್ಟ್ರಾನ್ ಜೋಡಿಯಾಗಿ ಕ್ಷಯಿಸುವುದಕ್ಕಿಂತ ಕಡಿಮೆ ಎಂದು 3.1 ಸಿಗ್ಮಾದ ಸುಳಿವು ಕೊಟ್ಟಿತು. ಸಿದ್ಧಾಂತದ ಪ್ರಕಾರ ಎರಡೂ ಸರಿಸುಮಾರು ಸಮನಾಗಿರಬೇಕು. 2022ರ ಡಿಸೆಂಬರ್‌ನಲ್ಲಿ ಅದೇ ತಂಡವು, ತಾನು ಎಲೆಕ್ಟ್ರಾನ್ ಎಂದು ಎಣಿಸಿದ್ದರಲ್ಲಿ ಬೇರೆ ಕಣಗಳೂ ಸೇರಿಕೊಂಡಿದ್ದವು ಎಂದು ಕಂಡುಕೊಂಡು, ತಿದ್ದಿದ ಲೆಕ್ಕದಲ್ಲಿ ಅಂತರ ಉಳಿಯುವುದಿಲ್ಲವೆಂದು ತಾನೇ ಪ್ರಕಟಿಸಿತು. ಇಲ್ಲಿ ತಪ್ಪು ಎಲ್ಲಿತ್ತೆಂದು ಬೆರಳಿಟ್ಟು ತೋರಿಸಲಾಯಿತು.

ದುರ್ಬಲ ಬಲವನ್ನು ಸಾಗಿಸುವ ಡಬ್ಲ್ಯು ಬೋಸಾನ್ ಎಂಬ ಕಣದ ದ್ರವ್ಯರಾಶಿಯ ಕಥೆ ಹಾಗಲ್ಲ. 2011ರಲ್ಲಿ ಮುಚ್ಚಿದ, ಫರ್ಮಿಲ್ಯಾಬ್‌ನ ಟೆವಟ್ರಾನ್ ವೇಗವರ್ಧಕದ ದತ್ತಾಂಶವನ್ನು ಹತ್ತು ವರ್ಷ ವಿಶ್ಲೇಷಿಸಿದ ಸಿಡಿಎಫ್ ತಂಡ 2022ರಲ್ಲಿ 80,433.5 ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್‌ವೋಲ್ಟ್‌ನ ಮಾನ) ಎಂಬ ಮೌಲ್ಯವನ್ನು ಕೊಟ್ಟಿತು, ದೋಷಮಿತಿ 9.4, ಸಿದ್ಧಾಂತದಿಂದ ಅಂತರ ಸುಮಾರು 7 ಸಿಗ್ಮಾ. 2024ರ ಸೆಪ್ಟೆಂಬರ್‌ನಲ್ಲಿ ಸರ್ನ್‌ನ ಸಿಎಂಎಸ್ ತಂಡ ಹತ್ತು ಕೋಟಿಗೂ ಹೆಚ್ಚು ಘಟನೆಗಳಿಂದ ಪಡೆದ ಮೌಲ್ಯ 80,360.2, ದೋಷಮಿತಿ 9.9. ಇದು ಸಿದ್ಧಾಂತಕ್ಕೆ ಕೂಡಿಬರುತ್ತದೆ, ಅಲ್ಲಿಯದೇ ಅಟ್ಲಾಸ್ ತಂಡದ ಅಳತೆಯೂ ಅದರ ಬಳಿಯೇ ಇದೆ. ಆದರೆ ಸಿಡಿಎಫ್‌ನವರು ಎಲ್ಲಿ ಎಡವಿದರೆಂದು ಯಾರೂ ತೋರಿಸಿಲ್ಲ. ಬಹುಮತದಿಂದ ಒಂದು ಅಳತೆಯನ್ನು ಬದಿಗೆ ಸರಿಸುವುದು ನನಗೆ ಸಮಾಧಾನ ಕೊಡುವುದಿಲ್ಲ. ಆ ಸಂಖ್ಯೆ ಒಂಟಿಯಾಗಿ ನಿಂತಿದೆ, ಅಷ್ಟನ್ನು ಮಾತ್ರ ಹೇಳಬಹುದು.

ಹೊಸ ಓದುಗ:

ಎಲ್ಲರೂ ಸಿಗ್ಮಾ ಎನ್ನುತ್ತಿದ್ದೀರಿ. 7 ಸಿಗ್ಮಾ ಎಂದರೆ ಸಂಶಯಕ್ಕೆ ಎಡೆಯೇ ಇಲ್ಲ ಎಂದು ನಾನು ತಿಳಿದಿದ್ದೆ. ಹಾಗಿದ್ದರೆ ಸಿಡಿಎಫ್ ಅಳತೆಯನ್ನು ಒಪ್ಪದಿರುವುದು ಹೇಗೆ ಸಾಧ್ಯ?

ಬುಗುರಿ:

ಹೊಸ ಓದುಗರೇ, ಸಿಗ್ಮಾ ಎನ್ನುವುದು ಅಳತೆ ಮತ್ತು ನಿರೀಕ್ಷೆಗಳ ಅಂತರವನ್ನು ದೋಷಮಿತಿಯಿಂದ ಭಾಗಿಸಿದಾಗ ಬರುವ ಸಂಖ್ಯೆ. ಕಣಭೌತವಿಜ್ಞಾನದಲ್ಲಿ ಶೋಧ ಎನ್ನಲು 5 ಸಿಗ್ಮಾ ಬೇಕು. ಬರಿಯ ಆಕಸ್ಮಿಕದಿಂದ ಅಂಥದ್ದು ಕಾಣಿಸುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದು. ಆದರೆ ಭಾಗಿಸುವ ದೋಷಮಿತಿಯೇ ಕಡಿಮೆ ಅಂದಾಜಾಗಿದ್ದರೆ, ಅಥವಾ ಅಳತೆಗೋಲೇ ಒಂದು ಬದಿಗೆ ವಾಲಿದ್ದರೆ, ಭಾಗಲಬ್ಧ ಎಷ್ಟು ದೊಡ್ಡದಾದರೂ ಅರ್ಥವಿಲ್ಲ. 2011ರಲ್ಲಿ ಒಪೇರಾ ಪ್ರಯೋಗದವರು ನ್ಯೂಟ್ರಿನೊಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ಬಂದವೆಂದು ಅಳೆದಾಗಲೂ ಅಂತರ 6 ಸಿಗ್ಮಾ ಇತ್ತು. ಮುಖ್ಯ ಕಾರಣ ಸರಿಯಾಗಿ ಬಿಗಿಯದ ಒಂದು ಆಪ್ಟಿಕಲ್ ಫೈಬರ್ ಜೋಡಣೆ. ಸಿಗ್ಮಾ ಆಕಸ್ಮಿಕವನ್ನು ಅಳೆಯುತ್ತದೆ, ನಮ್ಮ ಕಣ್ತಪ್ಪನ್ನು ಅಳೆಯುವುದಿಲ್ಲ.

ಇರುಳಾಗಸ:

ನಾನು ಆಕಾಶದ ಕಡೆಯಿಂದ ಬರೆಯುತ್ತೇನೆ, ಏಕೆಂದರೆ ಅಲ್ಲಿ ಮುಚ್ಚದ ಅಂತರಗಳೇ ಈಗ ಮುಖ್ಯವಾಗಿವೆ.

ವಿಶ್ವ ಹಿಗ್ಗುವ ದರವನ್ನು ಪ್ಲ್ಯಾಂಕ್ ಉಪಗ್ರಹವು ವಿಶ್ವದ ಆದಿಯಿಂದ ಉಳಿದುಬಂದ ಹಿನ್ನೆಲೆ ವಿಕಿರಣದಿಂದ ಪಡೆದಾಗ, ಪ್ರತಿ ಮೆಗಾಪಾರ್ಸೆಕ್‌ಗೆ (ಸುಮಾರು 32.6 ಲಕ್ಷ ಬೆಳಕಿನ ವರ್ಷ) ಸೆಕೆಂಡಿಗೆ 67.4 ಕಿಲೋಮೀಟರ್ ಬಂದಿತು. ಬೆಳಕು ಏರಿಳಿಯುವ ಲಯದಿಂದ ದೂರವನ್ನು ತಿಳಿಸುವ ಸೆಫೀಡ್ ನಕ್ಷತ್ರಗಳನ್ನೂ, ಸಿಡಿಯುವ ನಕ್ಷತ್ರಗಳಾದ ಸೂಪರ್‌ನೋವಾಗಳನ್ನೂ ಮೆಟ್ಟಿಲಾಗಿಸಿಕೊಂಡು ದೂರದ ಏಣಿಯನ್ನು ಏರಿ ಅಳೆದ ಆಡಂ ರೀಸ್ ಅವರ ತಂಡಕ್ಕೆ 73 ಬರುತ್ತಿದೆ. ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಸೆಫೀಡ್‌ಗಳ ಬೆಳಕಿಗೆ ಪಕ್ಕದ ನಕ್ಷತ್ರಗಳ ಬೆಳಕು ಬೆರೆತು ಲೆಕ್ಕ ಕೆಟ್ಟಿರಬಹುದು ಎಂಬ ಸಂದೇಹವಿತ್ತು. ಜೇಮ್ಸ್ ವೆಬ್ ದೂರದರ್ಶಕದ ಹರಿತವಾದ ಚಿತ್ರಗಳಿಂದ ಅದು ಕಾರಣವಲ್ಲವೆಂದು ತಿಳಿಯಿತು. ಆದರೂ ಬೇರೆ ಬಗೆಯ ನಕ್ಷತ್ರಗಳನ್ನೂ ಬಳಸುವ ವೆಂಡಿ ಫ್ರೀಡ್ಮನ್ ಅವರ ತಂಡಕ್ಕೆ ಸುಮಾರು 70 ಬರುತ್ತಿದೆ. ಮ್ಯೂಆನ್‌ನಲ್ಲಿ ಪೈಆನ್ ಎಣಿಕೆಗಳು ಒಂದಕ್ಕೊಂದು ಒಪ್ಪದೆ ಕಾಡಿದಂತೆ ಇಲ್ಲಿಯೂ ಒಂದು ಬದಿಯ ಅಳತೆಗಳೇ ಪರಸ್ಪರ ಪೂರ್ತಿ ಒಪ್ಪುತ್ತಿಲ್ಲ.

ಇದಕ್ಕಿಂತ ಗಂಭೀರವಾದದ್ದು ಡೆಸಿ ಯೋಜನೆಯ ಫಲಿತಾಂಶ. ಅರಿಜೋನಾದ ಕಿಟ್ ಪೀಕ್ ಬೆಟ್ಟದ ಮೇಲಿರುವ 4 ಮೀಟರ್ ದೂರದರ್ಶಕದಲ್ಲಿ 5,000 ಫೈಬರ್‌ಗಳಿವೆ. ಒಂದೊಂದನ್ನೂ ಒಂದು ಪುಟ್ಟ ರೋಬಾಟ್ ತನಗೆ ಗೊತ್ತುಮಾಡಿದ ಗೆಲಾಕ್ಸಿಯ ಬೆಳಕು ಬೀಳುವ ಜಾಗಕ್ಕೆ ತಿರುಗಿಸುತ್ತದೆ. ಕೆಲವು ನಿಮಿಷ ಬೆಳಕನ್ನು ಕುಡಿಸಿ, ಮತ್ತೆ ಎಲ್ಲವೂ ಹೊಸ ಜಾಗಕ್ಕೆ ಹೊರಳುತ್ತವೆ. ಹೀಗೆ 1.4 ಕೋಟಿಗೂ ಹೆಚ್ಚು ಗೆಲಾಕ್ಸಿ ಮತ್ತು ಕ್ವೇಸಾರ್‌ಗಳ (ಬಹಳ ಪ್ರಖರವಾದ ಗೆಲಾಕ್ಸಿ ಕೇಂದ್ರಗಳ) ದೂರಗಳನ್ನು ಅಳೆದು 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ವಿಶ್ವದ ಹಿಗ್ಗುವಿಕೆಯನ್ನು ಚುರುಕುಗೊಳಿಸುತ್ತಿರುವ ಕಪ್ಪು ಶಕ್ತಿ ಕಾಲ ಕಳೆದಂತೆ ದುರ್ಬಲವಾಗುತ್ತಿರಬಹುದು ಎಂಬ ಸೂಚನೆ ಸಿಕ್ಕಿತು. ಅದರ ಬಲ 2.8ರಿಂದ 4.2 ಸಿಗ್ಮಾ, ಯಾವ ಸೂಪರ್‌ನೋವಾ ಪಟ್ಟಿಯನ್ನು ಜೊತೆಗೆ ಸೇರಿಸುತ್ತೀರಿ ಎಂಬುದರ ಮೇಲೆ ಅದು ಬದಲಾಗುತ್ತದೆ. ಬುಗುರಿ ಅವರು ಈಗಷ್ಟೇ ಹೇಳಿದ ಎಚ್ಚರಿಕೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಪಟ್ಟಿ ಬದಲಾದರೆ ಸಿಗ್ಮಾ ಬದಲಾಗುತ್ತದೆ ಎಂದರೆ, ಪಟ್ಟಿಗಳ ನಡುವಿನ ವ್ಯತ್ಯಾಸವನ್ನೇ ಮೊದಲು ಅರಿಯಬೇಕು.

ಆಕಾಶದಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಮುನ್ನಡೆಯೂ ಇದೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯವು ಮೊದಲ ಗುರುತ್ವ ಅಲೆಯನ್ನು ಹಿಡಿದಾಗ ಸಂಕೇತವು ಗದ್ದಲದ ಸುಮಾರು 25 ಪಟ್ಟು ಇತ್ತು. 2025ರ ಜನವರಿ 14ರಂದು ಬಹುಪಾಲು ಅಂಥದ್ದೇ ಎರಡು ಕಪ್ಪುಕುಳಿಗಳ ಕೂಡುವಿಕೆಯನ್ನು ಹಿಡಿದಾಗ ಅದು ಸುಮಾರು 80 ಪಟ್ಟಾಗಿತ್ತು. ಘಟನೆ ಹಳೆಯದರಂತೆಯೇ ಇದ್ದು ಕಿವಿ ಚುರುಕಾದದ್ದರಿಂದ ಬಂದ ಲಾಭ ಇದು. ಎರಡು ಕುಳಿಗಳ ಮೇಲ್ಮೈ ಒಟ್ಟು ಸುಮಾರು 2,40,000 ಚದರ ಕಿಲೋಮೀಟರ್ ಇದ್ದದ್ದು, ಕೂಡಿದ ಮೇಲೆ ಸುಮಾರು 4,00,000 ಚದರ ಕಿಲೋಮೀಟರ್ ಆಯಿತು. ಕಪ್ಪುಕುಳಿಯ ಮೇಲ್ಮೈ ಎಂದಿಗೂ ಕುಗ್ಗುವುದಿಲ್ಲ ಎಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ಹೇಳಿದ ಪ್ರಮೇಯಕ್ಕೆ ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆ ಹಿಂದೆ ನಡೆದಿರಲಿಲ್ಲ.

ಸ್ಫಟಿಕ:

ಚರ್ಚೆಯೆಲ್ಲ ದೊಡ್ಡ ಉಂಗುರ, ದೊಡ್ಡ ದೂರದರ್ಶಕಗಳ ಸುತ್ತ ನಡೆಯುತ್ತಿದೆ. ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಕೆಲವು ಮಿಲಿಮೀಟರ್ ಗಾತ್ರದ ಒಂದು ಹರಳು.

ಪರಮಾಣುವಿನ ಬೀಜವನ್ನು ಕೆರಳಿಸಲು ಸಾಮಾನ್ಯವಾಗಿ ಸಾವಿರಾರು, ಲಕ್ಷಾಂತರ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು. ಯಾವ ಲೇಸರ್‌ಗೂ ಅದು ಎಟುಕುವುದಿಲ್ಲ. ಥೋರಿಯಂ-229 ಒಂದು ಮಾತ್ರ ಈ ನಿಯಮಕ್ಕೆ ಹೊರತು. ಅದರ ಬೀಜದ ಎರಡು ಸ್ಥಿತಿಗಳ ನಡುವೆ ವಿದ್ಯುತ್ ವಿಕರ್ಷಣೆಯಿಂದ ಆಗುವ ವ್ಯತ್ಯಾಸವೂ ಪ್ರಬಲ ಬಲದಿಂದ ಆಗುವ ವ್ಯತ್ಯಾಸವೂ ಹೆಚ್ಚುಕಡಿಮೆ ಪೂರ್ತಿಯಾಗಿ ಒಂದನ್ನೊಂದು ಕಳೆದು, ಉಳಿಯುವುದು ಸುಮಾರು 8.4 ಎಲೆಕ್ಟ್ರಾನ್‌ವೋಲ್ಟ್. ಇಂಥದ್ದೊಂದು ಸ್ಥಿತಿ ಇರಬಹುದೆಂಬ ಸುಳಿವು 1970ರ ದಶಕದಲ್ಲೇ ಸಿಕ್ಕಿತ್ತು. ಆದರೆ ಆ ಶಕ್ತಿ ಸರಿಯಾಗಿ ಎಷ್ಟೆಂದು ಗೊತ್ತಿಲ್ಲದೆ ಲೇಸರನ್ನು ಯಾವ ಬಣ್ಣಕ್ಕೆ ಹೊಂದಿಸುವುದು? ಬಾಗಿಲು ಎಲ್ಲಿದೆಯೆಂದು ತಿಳಿಯದೆ ಕತ್ತಲೆಯಲ್ಲಿ ಗೋಡೆ ತಡವುತ್ತ ಹೋದಂತೆ ದಶಕಗಳು ಕಳೆದವು.

2024ರ ಏಪ್ರಿಲ್‌ನಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್ ಮತ್ತು ಆಸ್ಟ್ರಿಯಾದ ವಿಯೆನ್ನಾದ ತಂಡಗಳು ಒಟ್ಟಾಗಿ ಆ ಬಾಗಿಲನ್ನು ಕಂಡುಕೊಂಡವು. ಥೋರಿಯಂ ಬೆರೆಸಿ ಬೆಳೆಸಿದ ಕ್ಯಾಲ್ಸಿಯಂ ಫ್ಲೋರೈಡ್ ಹರಳಿನ ಮೇಲೆ ಸುಮಾರು 148 ನ್ಯಾನೊಮೀಟರ್‌ನ ನೇರಳಾತೀತ ಬೆಳಕನ್ನು ಹಾಯಿಸಬೇಕು. ಈ ಬೆಳಕನ್ನು ಗಾಳಿಯೇ ಹೀರಿಬಿಡುವುದರಿಂದ ಎಲ್ಲವೂ ನಿರ್ವಾತದಲ್ಲಿ ನಡೆಯಬೇಕು. ಲೇಸರನ್ನು ಒಂದಷ್ಟು ಹೊತ್ತು ಹಾಯಿಸಿ, ಆರಿಸಿ, ಕತ್ತಲೆಯಲ್ಲಿ ಕಾಯುತ್ತಾರೆ. ಬಣ್ಣ ಸರಿಯಾಗಿ ಹೊಂದಿದ್ದರೆ ಕೆರಳಿದ ಬೀಜಗಳು ಹತ್ತು ನಿಮಿಷದಷ್ಟು ಕಾಲ ಒಂದೊಂದಾಗಿ ಫೋಟಾನ್ ಬಿಡುತ್ತ ಶಾಂತವಾಗುತ್ತವೆ. ಹೊಂದದಿದ್ದರೆ ಹರಳು ಕತ್ತಲಾಗಿಯೇ ಉಳಿಯುತ್ತದೆ, ಆಗ ಬಣ್ಣವನ್ನು ಸ್ವಲ್ಪ ಸರಿಸಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜೀಲಾ ಸಂಸ್ಥೆಯ ತಂಡವು ವಿಯೆನ್ನಾದಲ್ಲಿ ಬೆಳೆಸಿದ ಹರಳನ್ನೇ ಬಳಸಿ, ಸ್ಟ್ರಾನ್ಷಿಯಂ ಗಡಿಯಾರಕ್ಕೆ ತಾಳೆಹಾಕಿ, ಆ ಕಂಪನಾಂಕ 2,020,407,384,335 ಕಿಲೋಹರ್ಟ್ಸ್ ಎಂದು ಅಳೆಯಿತು. ಅನಿಶ್ಚಿತತೆ ಎರಡೇ ಕಿಲೋಹರ್ಟ್ಸ್.

ಇದು ಇಲ್ಲಿನ ಚರ್ಚೆಗೆ ಸಂಬಂಧಿಸುವುದು ಹೀಗೆ. ಎರಡು ದೊಡ್ಡ ಶಕ್ತಿಗಳು ಕಳೆದು ಉಳಿದ ಶೇಷವನ್ನು ನಾವು ಅಳೆಯುತ್ತಿರುವುದರಿಂದ, ಆ ದೊಡ್ಡವುಗಳಲ್ಲಿ ಯಾವುದಾದರೊಂದು ಎಳ್ಳಷ್ಟು ಬದಲಾದರೂ ಶೇಷ ಬಹಳ ಬದಲಾಗುತ್ತದೆ. ವಿದ್ಯುತ್ಕಾಂತ ಬಲದ ಪ್ರಮಾಣವನ್ನು ಹೇಳುವ ಸ್ಥಿರಾಂಕವು ಕಾಲಕ್ರಮದಲ್ಲಿ ನಿಜವಾಗಿಯೂ ಸ್ಥಿರವಾಗಿದೆಯೇ ಎಂಬುದನ್ನು ಈಗಿನ ಪರಮಾಣು ಗಡಿಯಾರಗಳಿಗಿಂತ ಸಾವಿರಾರು ಪಟ್ಟು ಸೂಕ್ಷ್ಮವಾಗಿ ಕೇಳಬಲ್ಲ ಸಾಧನವಿದು. ಮುಚ್ಚಿದ ಅಂತರದ ಬಗ್ಗೆ ಮರುಗುತ್ತಿರುವವರು ಹೊಸದಾಗಿ ತೆರೆದ ಈ ಪ್ರಶ್ನೆಯ ಕಡೆಗೂ ನೋಡಬೇಕು.

ನನ್ನದೇ ಕ್ಷೇತ್ರದ ಇನ್ನೊಂದು ಮಾತು, ಚಿಕ್ಕದಾಗಿ. 2023ರ ಜುಲೈನಲ್ಲಿ ಎಲ್‌ಕೆ-99 ಎಂಬ ವಸ್ತು ಸಾಮಾನ್ಯ ಉಷ್ಣತೆಯಲ್ಲೇ ಅತಿವಾಹಕ, ಅಂದರೆ ರೋಧವೇ ಇಲ್ಲದೆ ವಿದ್ಯುತ್ತನ್ನು ಹರಿಸುತ್ತದೆ ಎಂಬ ಪ್ರಕಟಣೆ ಬಂದಾಗ ಜಗತ್ತಿನ ಹತ್ತಾರು ಪ್ರಯೋಗಾಲಯಗಳು ಕೆಲವೇ ವಾರಗಳಲ್ಲಿ ಅದನ್ನು ತಯಾರಿಸಿ ನೋಡಿದವು. ಅದರಲ್ಲಿ ಕಲ್ಮಶವಾಗಿ ಸೇರಿದ್ದ ತಾಮ್ರದ ಸಲ್ಫೈಡ್ 104 ಡಿಗ್ರಿ ಸೆಲ್ಸಿಯಸ್ ಹತ್ತಿರ ರಚನೆ ಬದಲಿಸುವುದರಿಂದ ರೋಧ ಕುಸಿಯುತ್ತದೆ ಎಂದು ತಿಳಿಯಿತು. ಕಲ್ಮಶವಿಲ್ಲದೆ ಬೆಳೆಸಿದ ಹರಳು ವಿದ್ಯುತ್ ನಿರೋಧಕವಾಗಿತ್ತು. ಆ ಗದ್ದಲದಲ್ಲಿ, ಅದೇ ತಿಂಗಳು ಪ್ರಕಟವಾದ ನಿಜವಾದ ಶೋಧವೊಂದು ಬದಿಗೆ ಬಿತ್ತು: ಲ್ಯಾಂಥನಂ ನಿಕ್ಕಲ್ ಆಕ್ಸೈಡ್ ಒಂದು, 14 ಗಿಗಾಪಾಸ್ಕಲ್‌ಗೂ ಹೆಚ್ಚಿನ ಒತ್ತಡದಲ್ಲಿ ಸುಮಾರು 80 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ತಾಮ್ರದ ಆಕ್ಸೈಡ್‌ಗಳ ಅತಿವಾಹಕತೆ 1986ರಿಂದ ನಮಗೆ ಒಗಟಾಗಿಯೇ ಇದೆ. ಅವಕ್ಕೆ ನೆಂಟನಂತಿರುವ ಈ ವಸ್ತುವಿನಿಂದ ಆ ಒಗಟಿಗೆ ಬೆಳಕು ಸಿಗಬಹುದು.

ಹಳೆಯ ಪ್ರಯೋಗಶಾಲೆ:

ಕ್ವಾಂಟಂ ಕಂಪ್ಯೂಟರ್‌ಗಳ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಒಂದೇ ಫಲಿತಾಂಶವನ್ನು ಸೇರಿಸುತ್ತೇನೆ. 2024ರ ಡಿಸೆಂಬರ್‌ನಲ್ಲಿ ಗೂಗಲ್‌ನವರು 105 ಕ್ಯೂಬಿಟ್‌ಗಳ (ಕ್ವಾಂಟಂ ಮಾಹಿತಿಯ ಮೂಲ ಘಟಕಗಳ) ವಿಲೋ ಚಿಪ್ಪಿನಲ್ಲಿ, ಒಂದು ಮಾಹಿತಿಯನ್ನು ಕಾಯಲು ಬಳಸುವ ಕ್ಯೂಬಿಟ್‌ಗಳ ಚೌಕವನ್ನು 3x3ರಿಂದ 5x5ಕ್ಕೆ, ಅಲ್ಲಿಂದ 7x7ಕ್ಕೆ ದೊಡ್ಡದು ಮಾಡಿದಾಗ, ಪ್ರತಿ ಹೆಜ್ಜೆಯಲ್ಲಿಯೂ ತಪ್ಪಿನ ಪ್ರಮಾಣ ಹಿಂದಿನದರ ಅರ್ಧಕ್ಕಿಂತಲೂ ಕೆಳಗಿಳಿಯಿತು ಎಂದು ತೋರಿಸಿದರು. ಭಾಗಗಳು ಹೆಚ್ಚಿದಷ್ಟೂ ತಪ್ಪು ಹೆಚ್ಚುವುದು ಲೋಕದ ನಿಯಮ. ಒಂದು ಮಿತಿಯನ್ನು ದಾಟಿದರೆ ಅದು ತಿರುವುಮುರುವಾಗುತ್ತದೆ ಎಂದು 1990ರ ದಶಕದ ಸಿದ್ಧಾಂತ ಹೇಳಿತ್ತು. ಆ ಚಿಪ್ಪು ಎಷ್ಟು ವೇಗವಾಗಿ ಲೆಕ್ಕ ಮಾಡಿತು ಎಂಬ ಸುದ್ದಿಗಿಂತ ಇದು ಎಷ್ಟೋ ಪಾಲು ಮಹತ್ವದ್ದು ಎಂದು ನನ್ನ ಭಾವನೆ. ತಪ್ಪನ್ನು ಅಳೆದು ಹಿಡಿತಕ್ಕೆ ತರುವ ಕೆಲಸ ಇಲ್ಲಿ ಪ್ರಯೋಗದ ಸಿದ್ಧತೆಯಲ್ಲ, ಪ್ರಯೋಗವೇ ಅದು.

ಇರುಳಾಗಸ:

ಮೊದಲು ಎತ್ತಿದ ಆಕ್ಷೇಪಕ್ಕೆ ಮರಳುತ್ತೇನೆ. ಬುಗುರಿ ಅವರ ಉತ್ತರದಿಂದ ನನ್ನ ಅರ್ಧ ಅನುಮಾನ ತೀರಿತು. ಉಳಿದರ್ಧ ಹೀಗಿದೆ: ಉಂಗುರವೊಂದೇ. ಬ್ರೂಕ್‌ಹೇವನ್‌ನಲ್ಲಿದ್ದದ್ದೂ ಅದೇ ಕಾಂತ, ಫರ್ಮಿಲ್ಯಾಬ್‌ನಲ್ಲಿದ್ದದ್ದೂ ಅದೇ ಕಾಂತ. ಎರಡೂ ಅಳತೆಗಳು ಒಪ್ಪುತ್ತವೆ ಎಂಬುದಕ್ಕೆ ನಾವು ಕೊಡುತ್ತಿರುವ ಬೆಲೆ ಸ್ವಲ್ಪ ಹೆಚ್ಚಾಯಿತೇನೋ.

ಬುಗುರಿ:

ಆ ಅರ್ಧಕ್ಕೆ ಉತ್ತರ ಕೊಡಬೇಕಾದದ್ದು ಮುಂದಿನ ಪ್ರಯೋಗಗಳು. ಜಪಾನಿನ ಜೆ-ಪಾರ್ಕ್‌ನಲ್ಲಿ ಕಟ್ಟುತ್ತಿರುವ ಪ್ರಯೋಗವು ಹಳೆಯ ಉಂಗುರದಿಂದ ಏನನ್ನೂ ಎರವಲು ಪಡೆಯುವುದಿಲ್ಲ. ಅಲ್ಲಿ ಮ್ಯೂಆನ್‌ಗಳನ್ನು ಮೊದಲು ಬಹುತೇಕ ನಿಶ್ಚಲಗೊಳಿಸಿ, ಮತ್ತೆ ವೇಗ ಕೊಟ್ಟು, 3 ಟೆಸ್ಲಾ ಕ್ಷೇತ್ರದಲ್ಲಿ ಕೇವಲ 66 ಸೆಂಟಿಮೀಟರ್ ವ್ಯಾಸದ ವೃತ್ತದಲ್ಲಿ ಸುತ್ತಿಸುತ್ತಾರೆ. ಕಿರಣ ಚದುರದಂತೆ ಹಿಡಿದಿಡಲು ಫರ್ಮಿಲ್ಯಾಬ್‌ನಲ್ಲಿ ಬಳಸಿದ ವಿದ್ಯುತ್ ಕ್ಷೇತ್ರ ಅಲ್ಲಿ ಬೇಕಾಗಿಯೇ ಇಲ್ಲ, ಹಾಗಾಗಿ ಅದರಿಂದ ಬರುವ ತಿದ್ದುಪಡಿಗಳೂ ಇರುವುದಿಲ್ಲ. ಸಿದ್ಧಾಂತದ ಕಡೆಯ ಜಗಳಕ್ಕೆ ಸರ್ನ್‌ನ ಮ್ಯೂಒನ್‌ಇ ಯೋಜನೆಯಿದೆ: ಮ್ಯೂಆನ್‌ಗಳನ್ನು ಎಲೆಕ್ಟ್ರಾನ್‌ಗಳಿಗೆ ತಾಗಿಸಿ, ಅವು ಚದುರುವ ಕೋನಗಳಿಂದಲೇ ಕ್ವಾರ್ಕ್‌ಗಳ ಪಾಲನ್ನು ಅಳೆಯುವುದು ಅದರ ಉದ್ದೇಶ. ಅದಕ್ಕೆ ಪೈಆನ್‌ಗಳ ಎಣಿಕೆಯೂ ಬೇಡ, ಜಾಲರಿಯೂ ಬೇಡ.

ಅಳತೆಗೋಲು:

ಹಾಗಿದ್ದರೆ ಕ್ವಾರ್ಕ್‌ಗಳ ಪಾಲಿಗೆ ಮೂರು ಸಂಖ್ಯೆಗಳು ಮೂರು ಬೇರೆ ಬೇರೆ ದಾರಿಗಳಿಂದ ಬರಲಿವೆ. ನೊವೊಸಿಬಿರ್ಸ್ಕ್‌ನ ಎಣಿಕೆಯೂ ಹಳೆಯ ಎಣಿಕೆಗಳೂ ಏಕೆ ಕೂಡುವುದಿಲ್ಲವೆಂಬ ವಿಚಾರಕ್ಕೆ ಪ್ರತ್ಯೇಕವಾದ ಚರ್ಚೆಯೊಂದನ್ನು ತೆರೆಯುತ್ತೇನೆ. ಪೈಆನ್ ಜೋಡಿಗಳನ್ನು ಮ್ಯೂಆನ್ ಜೋಡಿಗಳಿಂದ ಬೇರ್ಪಡಿಸುವ ವಿಧಾನವನ್ನು ಬಲ್ಲವರು ಅಲ್ಲಿ ಮೊದಲು ಬರೆಯಬೇಕೆಂದು ವಿನಂತಿಸುತ್ತೇನೆ.